ದೂರದ ಹಕ್ಕಿ, ಹಳೆಯ ಮಸೂರ

ಮೇಯುವ ದನದ ಕಾಲಬಳಿಯಲ್ಲಿ ನಿರ್ಭಯವಾಗಿ ಸುಳಿದಾಡುವ ಬೆಳ್ಳಕ್ಕಿಯು, ಮನುಷ್ಯನೊಬ್ಬನು ತನ್ನನ್ನೇ ದಿಟ್ಟಿಸುತ್ತ ಹತ್ತು ಹೆಜ್ಜೆ ಮುಂದಿಟ್ಟನೆಂದರೆ ರೆಕ್ಕೆ ಬಿಚ್ಚಿ ಹಾರಿಹೋಗುತ್ತದೆ. ಆದುದರಿಂದ ವನ್ಯಜೀವಿಗಳ ಛಾಯಾಚಿತ್ರವನ್ನು ತೆಗೆಯಬಯಸುವವನಿಗೆ ಎದುರಾಗುವ ಮೊದಲನೆಯ ತೊಡಕು ದೂರ. ಈ ದೂರವನ್ನು ಕಾಲ್ನಡಿಗೆಯಿಂದ ದಾಟಲು ಹೋದರೆ ಹಕ್ಕಿಯೇ ಇರುವುದಿಲ್ಲ, ಮಸೂರದಿಂದ ದಾಟಬೇಕಾಗುತ್ತದೆ. ಅದಕ್ಕೆಂದೇ ಲಕ್ಷಾಂತರ ರೂಪಾಯಿ ಬೆಲೆಯ ಮಸೂರಗಳು ಇಂದು ತಯಾರಾಗುತ್ತಿವೆ. ಆದರೆ ಐವತ್ತು ವರ್ಷಗಳ ಹಿಂದೆ ತಯಾರಾಗಿ, ಈಗ ಹಳೆಯ ಕ್ಯಾಮೆರಾಗಳ ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ, ಕೈಯಿಂದಲೇ ತಿರುಗಿಸಿ ಬಳಸಬೇಕಾದ ಟೆಲಿಫೋಟೋ ಮಸೂರವೂ ಈ ಕೆಲಸವನ್ನು ತಕ್ಕಮಟ್ಟಿಗೆ ಮಾಡಬಲ್ಲದು. ಹಣದಲ್ಲಿ ಉಳಿದುದನ್ನು ಅದು ತಾಳ್ಮೆಯ ರೂಪದಲ್ಲಿ ವಸೂಲು ಮಾಡುತ್ತದೆ.

ಪೀನ ಮಸೂರವು ದೂರದ ವಸ್ತುವಿನ ಪ್ರತಿಬಿಂಬವನ್ನು ತನ್ನ ಸಂಗಮದೂರದಲ್ಲಿ ಮೂಡಿಸುತ್ತದೆ. ಸಂಗಮದೂರವು ಹೆಚ್ಚಿದಷ್ಟೂ ಪ್ರತಿಬಿಂಬವು ದೊಡ್ಡದಾಗುತ್ತದೆ. 60 ಸೆಂ.ಮೀ. ಎತ್ತರದ ಬೆಳ್ಳಕ್ಕಿಯೊಂದು 20 ಮೀಟರು ದೂರದಲ್ಲಿ ನಿಂತಿದೆಯೆಂದು ಭಾವಿಸೋಣ. 50 ಮಿ.ಮೀ. ಸಂಗಮದೂರದ ಸಾಮಾನ್ಯ ಮಸೂರದಲ್ಲಿ ಅದರ ಪ್ರತಿಬಿಂಬವು ಕೇವಲ 1.5 ಮಿ.ಮೀ. ಎತ್ತರವಿರುತ್ತದೆ, 200 ಮಿ.ಮೀ. ಮಸೂರದಲ್ಲಿ ಅದೇ 6 ಮಿ.ಮೀ. ಆಗುತ್ತದೆ. 24 ಮಿ.ಮೀ. ಎತ್ತರದ ಚಿತ್ರಚೌಕಟ್ಟಿನಲ್ಲಿ ಮೊದಲನೆಯದು ಒಂದು ಬಿಳಿಯ ಚುಕ್ಕೆ. ಎರಡನೆಯದು ಕಾಲುಭಾಗವನ್ನು ತುಂಬಿ ನಿಲ್ಲುವ ಹಕ್ಕಿ. ಮುಂಭಾಗದಲ್ಲಿ ಪೀನ ಮಸೂರಗಳ ಗುಂಪನ್ನೂ ಹಿಂಭಾಗದಲ್ಲಿ ನಿಮ್ನ ಮಸೂರಗಳ ಗುಂಪನ್ನೂ ಜೋಡಿಸಿ, ಸಂಗಮದೂರಕ್ಕಿಂತ ಗಿಡ್ಡವಾದ ಕೊಳವೆಯಲ್ಲಿ ಈ ಕಾರ್ಯವನ್ನು ಸಾಧಿಸುವುದೇ ಟೆಲಿಫೋಟೋ ಮಸೂರದ ವಿಶೇಷ.

ಇಂತಹ ಹಳೆಯ ಮಸೂರಗಳಲ್ಲಿ ಹಲವಕ್ಕೆ 42 ಮಿ.ಮೀ. ವ್ಯಾಸದ ತಿರುಪು ಇರುತ್ತದೆ. 1949ರ ಸುಮಾರಿಗೆ ಜರ್ಮನಿಯ ಡ್ರೆಸ್ಡೆನ್ ನಗರದ ಕ್ಯಾಮೆರಾಗಳಲ್ಲಿ ಬಳಕೆಗೆ ಬಂದ ಈ ತಿರುಪನ್ನು ಮುಂದೆ ಜಪಾನ್ ಹಾಗೂ ಸೋವಿಯತ್ ದೇಶದ ತಯಾರಕರೂ ಅನುಸರಿಸಿದರು. ಪೂರ್ವ ಜರ್ಮನಿಯ ಪೆಂಟಾಕಾನ್, ಜಪಾನಿನ ಟಾಕುಮಾರ್ ಎಂಬ ಹೆಸರಿನ 200 ಮಿ.ಮೀ. ಮಸೂರಗಳು ಈ ಬಗೆಯವು. 1985ರಲ್ಲಿ ಜಪಾನಿನ ಮಿನೋಲ್ಟಾ ಸಂಸ್ಥೆಯ 7000 ಎಂಬ ಕ್ಯಾಮೆರಾ ಬಂದ ಮೇಲೆ, ಬಿಂಬದ ಸ್ಪಷ್ಟತೆಯನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಯಂತ್ರಗಳು ಜನಪ್ರಿಯವಾದವು. ಹಳೆಯ ಮಸೂರಗಳು ಮೂಲೆ ಸೇರಿದವು. ಅವುಗಳ ಬೆಲೆಯೂ ಇಳಿಯಿತು. 2008ರಿಂದೀಚೆಗೆ ಒಳಗನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳು ಬಂದುದರಿಂದ ಅವುಗಳಿಗೆ ಮರುಜೀವ ದೊರೆಯಿತು. ತಿರುಪಿನ ಮಸೂರವು ಬಿಂಬದ ತಲದಿಂದ ಸುಮಾರು 45 ಮಿ.ಮೀ. ದೂರದಲ್ಲಿರಬೇಕು. ಹೊಸ ಕ್ಯಾಮೆರಾಗಳಲ್ಲಿ ಈ ಅಂತರವು ಬಹುಮಟ್ಟಿಗೆ 20 ಮಿ.ಮೀ. ಇಲ್ಲವೆ ಅದಕ್ಕೂ ಕಡಿಮೆ. ಉಳಿದ ಅಂತರವನ್ನು ತುಂಬುವ ಅಡಾಪ್ಟರ್ ಎಂಬ ಲೋಹದ ಉಂಗುರವೊಂದಿದ್ದರೆ, ಅಜ್ಜನ ಕಾಲದ ಮಸೂರವು ಮೊಮ್ಮಗನ ಕ್ಯಾಮೆರಾಕ್ಕೆ ಹೊಂದಿಕೊಳ್ಳುತ್ತದೆ.

ಆದರೆ ಈ ಮಸೂರದಲ್ಲಿ ಯಾವುದೂ ತಾನಾಗಿ ನಡೆಯುವುದಿಲ್ಲ. ಅಗಲವಾದ ಉಂಗುರವನ್ನು ತಿರುಗಿಸಿ ಹಕ್ಕಿಯ ಕಣ್ಣು ಸ್ಪಷ್ಟವಾಗುವಂತೆ ಮಾಡಬೇಕು. ಇನ್ನೊಂದು ಉಂಗುರದಿಂದ ಬೆಳಕಿನ ದ್ವಾರವನ್ನು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ದ್ವಾರವನ್ನು ಪೂರ್ತಿ ತೆರೆದಾಗ, 5 ಮೀಟರು ದೂರದಲ್ಲಿ ಸ್ಪಷ್ಟವಾಗಿ ಕಾಣುವ ವಲಯವು ಒಂದು ಗೇಣಿಗಿಂತಲೂ ಕಡಿಮೆ. ಕೊಕ್ಕು ಸ್ಪಷ್ಟವಾದರೆ ಬಾಲವು ಮಸುಕಾದೀತು. ದ್ವಾರವನ್ನು ಸ್ವಲ್ಪ ಕಿರಿದುಗೊಳಿಸಿದರೆ ಈ ವಲಯವು ಹಿಗ್ಗುತ್ತದೆ, ಚಿತ್ರವೂ ಹರಿತವಾಗುತ್ತದೆ. ಆದರೆ ಒಳಬರುವ ಬೆಳಕು ಕಡಿಮೆಯಾಗುತ್ತದೆ.

ಹಾರುವ ಹಕ್ಕಿಯನ್ನು ಉಂಗುರ ತಿರುಗಿಸುತ್ತ ಹಿಂಬಾಲಿಸುವುದು ಕಷ್ಟಸಾಧ್ಯ. ಹಕ್ಕಿಯ ಅಭ್ಯಾಸವನ್ನು ಬಲ್ಲವನು ಅದರ ಬೆನ್ನುಹತ್ತಬೇಕಾಗಿಲ್ಲ. ಕಳ್ಳಿಪೀರವು ತಂತಿಯ ಮೇಲಿಂದ ಹಾರಿ, ಗಾಳಿಯಲ್ಲಿ ಹುಳುವನ್ನು ಹಿಡಿದು, ಅನೇಕ ವೇಳೆ ಹೊರಟ ಜಾಗಕ್ಕೇ ಮರಳುತ್ತದೆ. ಕಾಜಾಣವೂ ಹಾಗೆಯೇ. ಮಿಂಚುಳ್ಳಿಗೆ ಕೆರೆಯ ಬಳಿ ಅಚ್ಚುಮೆಚ್ಚಿನ ಕೊಂಬೆಯೊಂದು ಇದ್ದೇ ಇರುತ್ತದೆ. ಆ ಕೊಂಬೆಗೆ ಮೊದಲೇ ಮಸೂರವನ್ನು ಹೊಂದಿಸಿ, ಅಲುಗಾಡದೆ ಕುಳಿತರೆ ಹಕ್ಕಿಯು ತಾನಾಗಿಯೇ ಚಿತ್ರದೊಳಕ್ಕೆ ಬರುತ್ತದೆ. ಹೀಗೆ ಯಂತ್ರದಲ್ಲಿ ಇಲ್ಲದ ಸೌಕರ್ಯವನ್ನು ಹಕ್ಕಿಯ ಬಗೆಗಿನ ತಿಳಿವಳಿಕೆಯು ತುಂಬಿಕೊಡುತ್ತದೆ.

ಉದ್ದವಾದ ಮಸೂರವು ಹಕ್ಕಿಯನ್ನು ಹಿಗ್ಗಿಸುವಂತೆ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಆದುದರಿಂದ 200 ಮಿ.ಮೀ. ಮಸೂರವನ್ನು ಕೈಯಲ್ಲಿ ಹಿಡಿದಾಗ ಸೆಕೆಂಡಿನ 250ನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಬೆಳಕನ್ನು ಒಳಬಿಡಬಾರದೆಂಬುದು ರೂಢಿಯ ನಿಯಮ. ಹಾರುವ ರೆಕ್ಕೆಗೆ 1000ನೆಯ ಒಂದು ಭಾಗವಾದರೂ ಬೇಕು. ಟ್ರೈಪಾಡ್ ಇಲ್ಲದವನು ಕಾಳು ತುಂಬಿದ ಬಟ್ಟೆಯ ಚೀಲವೊಂದನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಮಸೂರವನ್ನು ಊರಬಹುದು. ಸೂರ್ಯನು ಬೆನ್ನ ಹಿಂದಿರುವ ಮುಂಜಾನೆಯು ಈ ಕೆಲಸಕ್ಕೆ ಉತ್ತಮ ಸಮಯ.

ಹಳೆಯ ಮಸೂರಗಳಿಗೆ ದೋಷಗಳೂ ಉಂಟು. ಬೇರೆ ಬೇರೆ ಬಣ್ಣದ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡದಿರುವುದರಿಂದ, ಬೆಳ್ಳಕ್ಕಿಯ ಅಂಚಿನಲ್ಲಿ ನೇರಳೆ ಬಣ್ಣದ ಗೆರೆಯು ಕಾಣಿಸಿಕೊಳ್ಳಬಹುದು. ಬಿಸಿಲು ನೇರವಾಗಿ ಬಿದ್ದರೆ ಚಿತ್ರವು ಮಬ್ಬಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಮಳೆಗಾಲದ ತೇವದಲ್ಲಿ ಅದು ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬಿ, ಕಾಲಕ್ರಮದಲ್ಲಿ ಗಾಜಿನ ಲೇಪವನ್ನೇ ಕೆಡಿಸುತ್ತದೆ. ಕೊಳ್ಳುವ ಮುನ್ನ ಒಂದು ಬದಿಯಿಂದ ಟಾರ್ಚಿನ ಬೆಳಕನ್ನು ಹಾಯಿಸಿ ಇನ್ನೊಂದು ಬದಿಯಿಂದ ಪರೀಕ್ಷಿಸಬೇಕು. ಕೊಂಡ ಮೇಲೆ ತೇವವನ್ನು ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಯಾದ ಡಬ್ಬದಲ್ಲಿ ಇಡಬೇಕು.

ಮಸೂರವು ಎಷ್ಟೇ ಉದ್ದವಿದ್ದರೂ 'ಇನ್ನೆರಡು ಹೆಜ್ಜೆ ಹತ್ತಿರ ಹೋದರೆ' ಎಂಬ ಆಸೆಯು ಮನುಷ್ಯನನ್ನು ಬಿಡುವುದಿಲ್ಲ. ಗೂಡಿನ ಬಳಿಯಲ್ಲಿ ಈ ಆಸೆಯು ಘೋರವಾದ ಫಲವನ್ನು ಕೊಡುತ್ತದೆ. ಬೆದರಿದ ತಾಯಿಹಕ್ಕಿಯು ಹಾರಿಹೋದರೆ ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ; ಕಾಗೆಯ ಕಣ್ಣಿಗೂ ಬೀಳುತ್ತವೆ. ಚಿತ್ರಕ್ಕೆ ಅಡ್ಡವೆಂದು ಒಂದು ರೆಂಬೆಯನ್ನು ಸರಿಸಿದರೂ ಗೂಡಿನ ಮರೆ ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕದಡುವುದನ್ನೂ ಬೇಟೆಯ ಅರ್ಥವ್ಯಾಪ್ತಿಯಲ್ಲಿ ಸೇರಿಸಿದೆ. ಕೋವಿ ಹಿಡಿಯದೆಯೂ ಬೇಟೆಗಾರನಾಗಲು ಸಾಧ್ಯವೆಂಬುದನ್ನು ಛಾಯಾಗ್ರಾಹಕನು ಮರೆಯಬಾರದು. ಹಕ್ಕಿಯು ಕತ್ತು ನಿಮಿರಿಸಿ ನೋಡತೊಡಗಿದರೆ ಅಲ್ಲಿಯೇ ನಿಲ್ಲಬೇಕು. ಕೂಗಿ ಎಚ್ಚರಿಸಿದರೆ ಹಿಂದಕ್ಕೆ ಸರಿಯಬೇಕು.

ಕರ್ನಾಟಕದಲ್ಲಿ ಈ ಕಲೆಗೆ ದೊಡ್ಡ ಪರಂಪರೆಯೇ ಇದೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು ಸ್ವಯಂಚಾಲಿತ ಮಸೂರಗಳು ಬರುವುದಕ್ಕೆ ಬಹಳ ಮುನ್ನವೇ ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದರು. ಸಾಹಿತಿ ಪೂರ್ಣಚಂದ್ರ ತೇಜಸ್ವಿ (1938–2007) ಅವರು ಮೂಡಿಗೆರೆಯ ಪರಿಸರದಲ್ಲಿ ಹಕ್ಕಿಗಳ ಚಿತ್ರಗಳನ್ನು ತೆಗೆದು, ಅವುಗಳ ಬದುಕನ್ನು ಕನ್ನಡಿಗರಿಗೆ ಪರಿಚಯಿಸಿದರು. ಇಂತಹವರ ಚಿತ್ರಗಳ ಹಿಂದೆ ಗಂಟೆಗಟ್ಟಲೆಯ ಕಾಯುವಿಕೆ ಇದೆ. ಊರಿನ ಕೆರೆಯ ದಂಡೆಯಲ್ಲಿ ಹಳೆಯ ಮಸೂರವನ್ನು ಹಿಡಿದು ಕುಳಿತವನಿಗೂ ಆ ಕಾಯುವಿಕೆಯು ಸಾಧ್ಯ. ಚಿತ್ರವನ್ನು ತೆಗೆದು ಅವನು ಎದ್ದುಹೋದ ಮೇಲೂ ಮಿಂಚುಳ್ಳಿಯು ತನ್ನ ಕೊಂಬೆಯ ಮೇಲೆಯೇ ನಿಶ್ಚಿಂತೆಯಿಂದ ಕುಳಿತಿದ್ದರೆ, ಅವನು ಆ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದಾನೆಂದೇ ಹೇಳಬೇಕು.