ಮುಳುಗಿಸಿದ ಸ್ಯಾಂಡ್‌ವಿಚ್: ಡಿಪ್ಪಾ, ಸಪರೇಟಾ?

ಸ್ಯಾಂಡ್‌ವಿಚ್ ತಿನ್ನೋಕೆ ಪ್ಲಾಸ್ಟಿಕ್ ಗ್ಲೌಸ್ ಕೊಡ್ತಾರೆ ಅಂದ್ರೆ ನಂಬ್ತೀರಾ? ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಎಷ್ಟೋ ಕಡೆ ಕೊಡ್ತಾರೆ. ಅಲ್ಲಿನ ಬೀದಿಬದಿಯ ಹೆಮ್ಮೆ ‘ತೋರ್ತಾ ಆಹೊಗಾದಾ’. ತೋರ್ತಾ ಅಂದ್ರೆ ಸ್ಯಾಂಡ್‌ವಿಚ್, ಆಹೊಗಾದಾ ಅಂದ್ರೆ ಮುಳುಗಿಸಿದ್ದು. ಹೆಸರಿಗೆ ತಕ್ಕಂತೆ ಇಡೀ ಬ್ರೆಡ್ಡನ್ನೇ ಸಾಸ್‌ನಲ್ಲಿ ಅದ್ದಿ ಕೊಡೋದು.

ಈ ಊರನ್ನ ‘ಮೆಕ್ಸಿಕೋದ ಸಿಲಿಕಾನ್ ವ್ಯಾಲಿ’ ಅಂತಲೂ ಕರೀತಾರೆ. ಪ್ರಾಜೆಕ್ಟ್ ಮೇಲೆ ಹೋಗಿದ್ದ ಆರು ತಿಂಗಳೂ ಆಫೀಸ್ ಪಕ್ಕದ ತಳ್ಳುಗಾಡಿಯೇ ನಮ್ಮ ಟೀಮಿನ ಕಟ್ಟೆ.

ಇದರ ಗುಟ್ಟೆಲ್ಲಾ ಬ್ರೆಡ್‌ನಲ್ಲಿದೆ. ‘ಬಿರೋತೆ’ ಅಂತ ಹೆಸರು. ಹಿಟ್ಟನ್ನ ಹುಳಿ ಬರಿಸಿ ಸುಡ್ತಾರೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಮೆತ್ತಗೆ, ಸ್ವಲ್ಪ ಉಪ್ಪುಪ್ಪು. ಸಿಪ್ಪೆ ಗಟ್ಟಿ ಇರೋದಕ್ಕೇ ಸಾಸ್‌ನಲ್ಲಿ ಮುಳುಗಿದ್ರೂ ಕರಗಿ ಹೋಗಲ್ಲ. ನಮ್ಮ ಪಾವ್‌ನಲ್ಲಿ ಇದನ್ನ ಮಾಡಿದ್ರೆ ಎರಡೇ ನಿಮಿಷಕ್ಕೆ ಗೊಜ್ಜು! ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ತಮ್ಮೂರಿನ ಗಾಳಿ ಬಿಟ್ಟು ಬೇರೆಲ್ಲೂ ಬಿರೋತೆ ಸರಿಯಾಗಿ ಬರಲ್ಲ ಅಂತ ಅಲ್ಲಿನವರ ವಾದ. ಮದ್ದೂರು ವಡೆ ಮದ್ದೂರಲ್ಲೇ ತಿನ್ನಬೇಕು ಅಂತೀವಲ್ಲ, ಹಾಗೆ.

ಬ್ರೆಡ್ ಸೀಳಿ, ಬೇಯಿಸಿ ಅರೆದ ಬೀನ್ಸ್ ಕಾಳು ಸವರಿ, ‘ಕಾರ್ನಿತಾಸ್’ ಅನ್ನೋ ಹಂದಿಮಾಂಸ ತುಂಬ್ತಾರೆ. ಆಮೇಲೆ ಸಾಸ್. ಟೊಮೆಟೊದ್ದು ಸೌಮ್ಯ, ‘ಚಿಲೆ ದೆ ಆರ್ಬೊಲ್’ ಮೆಣಸಿನಕಾಯಿದ್ದು ಕಣ್ಣಲ್ಲಿ ನೀರು ತರಿಸುತ್ತೆ. ಹತ್ತಿರದ ಯಾವಾಲಿಕಾ ಊರಿನ ಈ ಮೆಣಸಿಗೆ 2018ರಲ್ಲಿ ನಮ್ಮ ಬ್ಯಾಡಗಿಯ ಜಿಐ ಟ್ಯಾಗ್ ಥರದ ಮಾನ್ಯತೆ ಸಿಕ್ಕಿದೆ. ಬ್ಯಾಡಗಿ ಬಣ್ಣಕ್ಕೆ, ಇದು ಬರೀ ಖಾರಕ್ಕೆ. ಮೆಣಸಿನಕಾಯಿ ನಮಗೆ ಬಂದಿದ್ದೇ ಆ ಕಡೆಯಿಂದ, ಪೋರ್ಚುಗೀಸರ ಹಡಗಲ್ಲಿ. ಹಾಗಾಗಿ ಖಾರದ ವಿಷ್ಯದಲ್ಲಿ ಅವರ ಮುಂದೆ ಜಂಬ ಬೇಡ.

ಗಾಡಿಯಲ್ಲಿ ಕೇಳೋ ಮೊದಲ ಪ್ರಶ್ನೆ: ‘ಮೆದ್ಯಾ’ನಾ, ‘ಬ್ಯೆನ್’ ಆ? ಅರ್ಧ ಮುಳುಗಿಸಲಾ, ಪೂರ್ತಿನಾ? ದರ್ಶಿನಿಯಲ್ಲಿ ‘ಸಾಂಬಾರ್ ಡಿಪ್ಪಾ, ಸಪರೇಟಾ’ ಕೇಳಿ ಬೆಳೆದ ನಮಗೆ ಟ್ರಾನ್ಸ್‌ಲೇಟರ್ ಆ್ಯಪ್ ಬೇಕಾಗಲೇ ಇಲ್ಲ.

ಕಷ್ಟ ಆಗಿದ್ದು ಟೀಮಿನ ಧಾರವಾಡದ ಗೆಳೆಯನಿಗೆ. ಶುದ್ಧ ಸಸ್ಯಾಹಾರಿ. ಮೊದಲ ವಾರ ನಾವೆಲ್ಲ ಗಾಡಿ ಸುತ್ತ ನಿಂತ್ರೆ ಅವನೊಬ್ಬ ಡೆಸ್ಕಿನಲ್ಲಿ ಅವಲಕ್ಕಿ ತಿಂತಿದ್ದ. ನೀವೂ ಹೋಗೋರಿದ್ರೆ ನೆನಪಿಡಿ, ‘ಸಿನ್ ಕಾರ್ನೆ’, ಅಂದ್ರೆ ಮಾಂಸ ಬೇಡ, ಅಂದ್ರಷ್ಟೇ ಸಾಲದು. ಅಲ್ಲಿ ಕಾಳನ್ನ ಹುರಿಯೋದೇ ಹೆಚ್ಚಾಗಿ ಹಂದಿಕೊಬ್ಬಿನಲ್ಲಿ. ‘ಮಾಂತೇಕಾ’ ಇದೆಯಾ ಅಂತ ಕೇಳಲೇಬೇಕು.

ಅವನು ಕೇಳಿದ. ಗಾಡಿಯ ಅಮ್ಮ ‘ಇಲ್ಲ’ ಅಂದು ವ್ಯಾಪಾರ ಮಾಡಿಕೊಳ್ಳಬಹುದಿತ್ತು, ನಮಗೆ ಗೊತ್ತೂ ಆಗ್ತಿರಲಿಲ್ಲ. ‘ಇದೆ, ನಿನಗೆ ಇವತ್ತು ಕೊಡಲ್ಲ’ ಅಂದ್ರು. ಮುಂದಿನ ಗುರುವಾರ ಎಣ್ಣೆಯಲ್ಲಿ ಹುರಿದ ಕಾಳನ್ನ ಮನೆಯಿಂದ ಸಣ್ಣ ಡಬ್ಬಿಯಲ್ಲಿ ತಂದಿದ್ರು, ಜೊತೆಗೆ ಪನೇಲಾ ಚೀಸ್, ಬೆಣ್ಣೆಹಣ್ಣು. ಚಾಕು ತೊಳೆದು, ಟೊಮೆಟೊ ಸಾಸನ್ನೂ ಬೇರೆ ಬಟ್ಟಲಿಗೆ ತೆಗೆದಿಟ್ಟು, ಅವನನ್ನೂ ಕೇಳಿದ್ರು: ಮೆದ್ಯಾನಾ, ಬ್ಯೆನ್ ಆ?

‘ಬ್ಯೆನ್’ ಅಂದ. ಮೂಗಲ್ಲಿ ನೀರು ಸುರಿಸ್ಕೊಂಡು ಪೂರ್ತಿ ತಿಂದ.