ಸ್ತನವರ್ಧನ ಶಸ್ತ್ರಚಿಕಿತ್ಸೆ: ಅಪಾಯಗಳೂ ಆರೈಕೆಯೂ

ಕಂಪ್ಲಿಯ ಬತ್ತದ ಗದ್ದೆಗಳ ಬದುವಿನಲ್ಲಿ ನಡೆಯುವವರ ಕಾಲಿಗೆ ಜಾಲಿಮುಳ್ಳು ಚುಚ್ಚುವುದು ಅಪೂರ್ವವೇನಲ್ಲ. ಮುರಿದು ಒಳಗುಳಿದ ಮುಳ್ಳಿನ ಸುತ್ತ ಗಟ್ಟಿಯಾದ ಗಂಟು ಕಟ್ಟುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹೊರಗಿನ ವಸ್ತುವನ್ನು ಹೊರದೂಡಲಾರದಿದ್ದರೆ ದೇಹವು ಅದರ ಸುತ್ತ ನಾರಿನ ಗೋಡೆಯನ್ನು ಕಟ್ಟುವುದು. ಸ್ತನದ ಗಾತ್ರವನ್ನು ಹೆಚ್ಚಿಸುವ ಶಸ್ತ್ರಚಿಕಿತ್ಸೆಯನ್ನು ಅರಿಯಲು ಈ ದೇಹಧರ್ಮವೇ ಕೀಲಿಕೈ.

ಸಿಲಿಕೋನ್ ಲೋಳೆ ತುಂಬಿದ ಚೀಲವನ್ನು 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ಶಸ್ತ್ರವೈದ್ಯರು ಮೊದಲಬಾರಿಗೆ ಮಹಿಳೆಯೊಬ್ಬರಿಗೆ ಅಳವಡಿಸಿದರು. ಚೀಲವನ್ನು ಸ್ತನಗ್ರಂಥಿಯ ಹಿಂದೆ ಅಥವಾ ಎದೆಯ ಸ್ನಾಯುವಿನ ಅಡಿಯಲ್ಲಿ ಇರಿಸುವರು. ಅರ್ಬುದ ರೋಗಕ್ಕಾಗಿ ಸ್ತನವನ್ನು ತೆಗೆಸಿಕೊಂಡವರಿಗೂ ಇಂತಹ ಚೀಲಗಳು ಉಪಯುಕ್ತವಾಗಿವೆ.

ಚೀಲದ ಸುತ್ತಲೂ ನಾರಿನ ಹೊದಿಕೆ ಬೆಳೆಯುವುದು ಸಹಜ. ಅದು ತೆಳುವಾಗಿದ್ದರೆ ತೊಂದರೆಯಿಲ್ಲ. ದಪ್ಪವಾಗಿ ಸಂಕುಚಿಸಿದರೆ ಸ್ತನವು ಕಲ್ಲಿನಂತೆ ಗಟ್ಟಿಯಾಗಿ ನೋಯುವುದು. ಮರುಶಸ್ತ್ರಚಿಕಿತ್ಸೆಗೆ ಇದೊಂದು ಮುಖ್ಯ ಕಾರಣ. ಚೀಲವು ಜೀವನಪರ್ಯಂತ ಬಾಳುವ ವಸ್ತುವೂ ಅಲ್ಲ. ಒಳಗೇ ಸದ್ದಿಲ್ಲದೆ ಹರಿಯಬಹುದು. ಆದುದರಿಂದಲೇ ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕಾಗುವುದು. ಒರಟು ಮೈಯ ಕೆಲವು ಚೀಲಗಳ ಹೊದಿಕೆಯಲ್ಲಿ ವಿರಳವಾಗಿ ದುಗ್ಧಕೋಶಗಳ ಅರ್ಬುದವು ಹುಟ್ಟುವುದೆಂದು ತಿಳಿದುಬಂದ ಮೇಲೆ 2019ರಲ್ಲಿ ಅಂತಹ ಚೀಲಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ವರ್ಷಗಳ ಅನಂತರ ಒಂದು ಸ್ತನ ಊದಿದರೆ ಅಲಕ್ಷ್ಯ ಸಲ್ಲದು.

ಇನ್ನು ಚೇತರಿಕೆಯ ವಿಚಾರ. ಮೊದಲ ಒಂದೆರಡು ದಿನಗಳಲ್ಲಿ ಒಳಗೆ ರಕ್ತ ಸೋರಿ ಗಡ್ಡೆಕಟ್ಟುವ ಭಯವಿರುವುದು. ಅನಂತರ ಕೀವಿನ ಭಯ. ಸುಮಾರು 4ರಿಂದ 6 ವಾರಗಳವರೆಗೆ ತುಂಬಿದ ಕೊಡವನ್ನು ಎತ್ತುವುದು, ಮಗುವನ್ನು ಸೊಂಟದ ಮೇಲೆ ಹೊರುವುದು ಮೊದಲಾದ ಭಾರದ ಕೆಲಸಗಳು ಕೂಡದು. ಬೀಡಿಯಾಗಲಿ ಎಲೆಯಡಿಕೆಯೊಡನೆ ಹೊಗೆಸೊಪ್ಪಾಗಲಿ ವರ್ಜ್ಯ. ಅದರಲ್ಲಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುವುದು.

ನಮ್ಮ ಸೀಮೆಯವರಿಗೆ ಇನ್ನೊಂದು ಸಂಗತಿಯುಂಟು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೊಸಪೇಟೆಗೆ ಮರಳಲು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರುಗಳ ಪ್ರಯಾಣ. ಬಸ್ಸಿನಲ್ಲಿ ಅಲುಗಾಡದೆ ಕುಳಿತವರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ವೈದ್ಯರು ಒಪ್ಪುವವರೆಗೆ ಹೊರಡದಿರುವುದು ಲೇಸು. ಊರಿಗೆ ಬಂದ ಮೇಲೆ ಜ್ವರ, ಒಂದೇ ಬದಿಯ ಊತ, ಮೀನಖಂಡದ ನೋವು, ಉಬ್ಬಸ ಇವುಗಳಲ್ಲೊಂದು ಕಂಡರೂ ನಾಚಿಕೆಯಿಂದ ಮುಚ್ಚಿಡದೆ ಹೊಸಪೇಟೆಯ ಅಥವಾ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಒಡನೆ ಹೋಗಬೇಕು, ಶಸ್ತ್ರಚಿಕಿತ್ಸೆಯಾದುದನ್ನು ಹೇಳಬೇಕು. ಮನೆಯವರಲ್ಲಿ ಒಬ್ಬರಾದರೂ ಈ ಲಕ್ಷಣಗಳನ್ನು ಬಲ್ಲವರಾಗಿರಬೇಕು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ಯುವನಟಿಯೊಬ್ಬರು ಅಸುನೀಗಿದರು. ಅದು ಬೇರೆ ಬಗೆಯ ಚಿಕಿತ್ಸೆ. ಆದರೂ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯೂ ಶಸ್ತ್ರಚಿಕಿತ್ಸೆಯೇ ಎಂಬುದನ್ನು ನಾಡು ಅಂದು ಮನಗಂಡಿತು. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ತಕ್ಕ ಶಿಕ್ಷಣ ಪಡೆದವರೇ, ಅರಿವಳಿಕೆ ತಜ್ಞರು ಇರುವರೇ, ತುರ್ತುಚಿಕಿತ್ಸೆಗೆ ಏರ್ಪಾಡಿದೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು. ಚೀಲದ ತಯಾರಕರ ಹೆಸರು ಮತ್ತು ಸಂಖ್ಯೆಯಿರುವ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಸಮಾಧಾನಕರವಾದ ಉತ್ತರ ದೊರೆಯದಿದ್ದರೆ ಹಿಂದಿರುಗಿ ಬರುವುದೇ ವಿವೇಕ.