ಒಂದೇ ಹೆಸರಾಗುವ ಎರಡು ಅಕ್ಷರಗಳು

ಭೌತವಿಜ್ಞಾನದ ಗ್ರಂಥಗಳಲ್ಲಿ ಹ್ಯಾಮಿಲ್ಟೋನಿಯನ್ನನ್ನು ಬಳ್ಳಿಯಂತೆ ಬಾಗಿದ 'ಎಚ್' ಅಕ್ಷರದಿಂದಲೂ ಕಾಂತಕ್ಷೇತ್ರವನ್ನು ಸಾದಾ 'ಎಚ್'ನಿಂದಲೂ ಸೂಚಿಸುವುದುಂಟು. ಗಣಕಯಂತ್ರದ ಕ್ರಮವಿಧಿಯಲ್ಲಿಯೂ ಹೀಗೆಯೇ ಬರೆದರೆ ಏನಾಗುವುದೆಂಬುದನ್ನು ನೋಡೋಣ. 2008ರಲ್ಲಿ ಹೊರಬಂದ ಪೈಥಾನ್ ಭಾಷೆಯ 3ನೆಯ ಆವೃತ್ತಿಯು ಚರಾಕ್ಷರಗಳ ಹೆಸರಿಗೆ ಇಂಥ ಅಕ್ಷರಗಳನ್ನು ಒಪ್ಪುತ್ತದೆ. ಆದರೆ ಒಳಗೆ ಸೇರಿಸಿಕೊಳ್ಳುವ ಮುನ್ನ ಅಲಂಕಾರವನ್ನು ಕಳಚಿ ಸಾದಾ 'ಎಚ್' ಮಾಡಿಬಿಡುತ್ತದೆ. ಬಾಗಿದ ಎಚ್‌ಗೆ 5 ಎಂದೂ, ಆಮೇಲೆ ಸಾದಾ ಎಚ್‌ಗೆ 3 ಎಂದೂ ಬೆಲೆ ಕೊಟ್ಟು, ಮೊದಲನೆಯದರ ಬೆಲೆಯನ್ನು ಕೇಳಿದರೆ ದೊರೆಯುವ ಉತ್ತರ 3! ದೋಷಸೂಚನೆ ಯಾವುದೂ ಬಾರದು. ನಮಗೆ ಅಂಜಿಕೆ ಹುಟ್ಟಿಸುವುದು ಇದೇ.

2012ರಲ್ಲಿ ಪ್ರಕಟವಾದ ಜೂಲಿಯಾ ಭಾಷೆಯು ಇವೆರಡನ್ನೂ ಬೇರೆಯಾಗಿಯೇ ಇಡುತ್ತದೆ. ಆದರೆ ಮೈಕ್ರೋ ಚಿಹ್ನೆಯನ್ನೂ ಗ್ರೀಕರ 'ಮ್ಯೂ' ಅಕ್ಷರವನ್ನೂ ಅದು ಒಂದೇ ಎಂದು ಎಣಿಸುತ್ತದೆ. ಅವು ಕಣ್ಣಿಗೂ ಒಂದೇ ಆಗಿ ತೋರುವುದರಿಂದ ಇದು ವಿವೇಕವೆಂದೇ ನಮ್ಮ ಅಭಿಪ್ರಾಯ.